ತಂತಿಯ ಆಚೆ ತುದಿಯ ಹೂವಪ್ಪ

ಬೆಳಗಿನ ಐದೂವರೆ. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಗೆ ಹೋಗುವ ಮೊದಲ ಬಸ್ಸಿನ ಡ್ರೈವರು ಇನ್ನೂ ಬೀಡಿ ಸೇದುತ್ತಿದ್ದಾನೆ. ಟೆಲಿಫೋನ್ ಎಕ್ಸ್‌ಚೇಂಜಿನ ಹಿತ್ತಲಲ್ಲಿ ಖಾಕಿ ಅಂಗಿಯ ಮೇಲೆ ಕಂಬಳಿ ಹೊದ್ದ ಗಿಡ್ಡ ಮನುಷ್ಯರೊಬ್ಬರು ಕಬ್ಬಿಣದ ಕಂಬಕ್ಕೆ ಅಂಗೈ ಒತ್ತಿ ನಿಂತಿದ್ದಾರೆ. ಕೈ ತೆಗೆದು ನೋಡಿಕೊಳ್ಳುತ್ತಾರೆ. ಇಬ್ಬನಿಯಿಂದ ಒದ್ದೆಯಾಗಿದೆ. "ಐದು," ಎಂದು ತಮಗೆ ತಾವೇ ಹೇಳಿಕೊಂಡು, ಕೈಯನ್ನು ಕಂಬಳಿಗೆ ಒರೆಸಿ ಒಳಗೆ ನಡೆಯುತ್ತಾರೆ.

ಒಳಗೆ ಗೋಡೆಗೆ ಆನಿಸಿ ಆಳೆತ್ತರದ ಬೂದು ಬಣ್ಣದ ಪೆಟ್ಟಿಗೆ ನಿಂತಿದೆ. ಊರೊಳಗಿನ ನೂರಾ ನಲವತ್ತು ಫೋನುಗಳ ಮಾತು ಪರ ಊರಿಗೆ ಹೊರಡುವುದು ಈ ಪೆಟ್ಟಿಗೆಯ ಬಾಯಿಂದ. ಎರಡೇ ಎರಡು ತಾಮ್ರದ ತಂತಿಗಳ ಮೇಲೆ ಮೂರು ಮಾತುಕತೆಗಳನ್ನು ಒಂದಕ್ಕೊಂದು ತಾಗದಂತೆ ಓಡಿಸುವ ಪೆಟ್ಟಿಗೆ ಇದು, ಕ್ಯಾರಿಯರ್ ಎನ್ನುತ್ತಾರೆ. ತಂತಿಯ ಇನ್ನೊಂದು ತುದಿಯಲ್ಲಿ, ಬಂಕಾಪುರ ದಾಟಿ, ಶಿಗ್ಗಾವಿ ತಾಲೂಕಿನ ಹೊಲಗಳನ್ನು ದಾಟಿ, ಸವಣೂರಿನ ಕಡೆಗೆ, ಇಂಥದೇ ಇನ್ನೊಂದು ಪೆಟ್ಟಿಗೆ ಇದೆ. ಎರಡೂ ಪೆಟ್ಟಿಗೆಗಳು ಮೂರು ವಿಷಯಗಳಲ್ಲಿ ಒಪ್ಪಿಕೊಂಡಿರಬೇಕು. ಯಾವ ತುದಿ ಕೆಳದನಿಯಲ್ಲಿ ಕಳಿಸುತ್ತದೆ, ಯಾವ ತುದಿ ಮೇಲ್ದನಿಯಲ್ಲಿ ಎಂಬುದು ಒಂದು. ಯಾವ ಸದ್ದು ಬಂದರೆ ಗಂಟೆ ಬಾರಿಸಬೇಕು ಎಂಬುದು ಇನ್ನೊಂದು. ಇವೆರಡನ್ನು ಒಮ್ಮೆ ಕೂಡಿಸಿದರೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲ. ದಿನಾ ಕಾಡುವುದು ಮೂರನೆಯದು, ಮಾತಿಗೆ ಎಷ್ಟು ಬಲ ಕೊಡಬೇಕು ಎಂಬುದು. ಇಬ್ಬನಿಯೋ ಮಳೆಯೋ ಬಿದ್ದರೆ ಕಂಬದ ಪಿಂಗಾಣಿ ಬಟ್ಟಲುಗಳ ಮೇಲಿಂದ ಮಾತು ಸೋರಿಹೋಗುತ್ತದೆ, ಬಲ ಏರಿಸಬೇಕು. ಬಿಸಿಲೇರಿ ಒಣಗಿದ ಮೇಲೆ ಇಳಿಸಬೇಕು. ಇಳಿಸದಿದ್ದರೆ ತಂತಿ ಕೂಗತೊಡಗುತ್ತದೆ, ಕಿವಿಗೆ ಸೂಜಿ ಚುಚ್ಚಿದಂತೆ. ಅದಕ್ಕೆಂದೇ ಪೆಟ್ಟಿಗೆಯ ಮೇಲೆ ಒಂದರಿಂದ ಎಂಟರವರೆಗೆ ಅಂಕಿ ಬರೆದ ಕರಿಯ ಗುಂಡಿ ಇದೆ.

ಹೆಡ್‌ಫೋನ್ ಏರಿಸಿಕೊಂಡ ಮನುಷ್ಯರು ಗುಂಡಿಯನ್ನು ಐದಕ್ಕೆ ತಿರುಗಿಸುತ್ತಾರೆ. "ಹಲೋ, ಹಾನಗಲ್. ಮಂಜು ಬಿದ್ದೈತ್ರಿ. ನಂದು ಐದು ಮಾಡೇನಿ. ನಿಮ್ಮದೆಷ್ಟೈತಿ?" ಆ ಕಡೆಯಿಂದ ನಿದ್ದೆಗಣ್ಣಿನ ದನಿ, "ಐದು." "ಮುಟ್ಟಿ ನೋಡಿ ಹೇಳ್ರಿ." ಸ್ವಲ್ಪ ಹೊತ್ತು ಬಿಟ್ಟು, "ಐದ ಐತ್ರೀ." ಆಮೇಲಷ್ಟೇ ಪೆನ್ಸಿಲು ರಿಜಿಸ್ಟರಿನ ಮೇಲೆ ಇಳಿಯುತ್ತದೆ. ಈ ತಂತಿ ಸಾಲಿನಲ್ಲಿ ಇದೊಂದು ಕಟ್ಟಳೆ. ಆಚೆ ತುದಿಯವರು ಬಾಯಿಬಿಟ್ಟು ಒಪ್ಪದ ಹೊರತು ಬದಲಿಸಿದ ಅಂಕಿಯನ್ನು ಬರೆಯುವಂತಿಲ್ಲ. ನಲವತ್ತಾರು ಕಿಲೋಮೀಟರು ದೂರದ ಗುಂಡಿಯನ್ನು ಯಾರೂ ಕಣ್ಣಾರೆ ನೋಡಲಾರರು, ಮಾತನ್ನೇ ನಂಬಬೇಕು.

"ತಂತಿ ಕೆಲಸ ಅಂದ್ರ ಇಬ್ರು ಕೂಡಿ ಗೋಣಿಚೀಲ ಎತ್ತಿದಂಗ್ರಿ," ಎನ್ನುತ್ತಾರೆ ಅವರು. "ಅಂವ ಎಷ್ಟ ಎತ್ತತಾನ ಅನ್ನೂದು ನನಗ ಗೊತ್ತಿರಬೇಕು, ನಾ ಎಷ್ಟ ಎತ್ತತೇನಿ ಅನ್ನೂದು ಅವಗ ಗೊತ್ತಿರಬೇಕು. ಇಲ್ಲಂದ್ರ ಯಾರದರ ಸೊಂಟ ಹೋಗತೈತಿ."

ಇವರು ಹೂವಪ್ಪ. ನಲವತ್ತೇಳು ವರ್ಷ, ಟೆಲಿಫೋನ್ ಮೆಕ್ಯಾನಿಕ್. ನಮ್ಮ ಪುರವಣಿಯ 'ಎಲೆಮರೆಯ ಕಾಯಿ' ಅಂಕಣಕ್ಕೆ ಈ ವಾರ ನಾನು ಬರೆಯಬೇಕಾದವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಈ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚು. ಇಂದು ನಿನ್ನೆಯದಲ್ಲ, ಹನ್ನೆರಡು ವರ್ಷದ್ದು. ಪರ ಊರಿನ ಕರೆಗಳನ್ನು ಕೂಡಿಸಿಕೊಡುವ ಹಾನಗಲ್ಲಿನ ಟ್ರಂಕ್ ಆಪರೇಟರ್ ಮಂಜವ್ವ ಎಂಬುವರು ಸಂಪಾದಕರಿಗೆ ಒಂದು ಕಾರ್ಡು ಬರೆದು, 'ನಮ್ಮ ಹೂವಪ್ಪಣ್ಣನ ಬಗ್ಗೆ ಯಾರಾದರೂ ಬರೆಯಬಾರದೇ' ಎಂದು ಕೇಳಿದ್ದರು. ಸಂಪಾದಕರು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, "ನೀನೂ ಆ ಖಾತೆಯಲ್ಲೇ ಇದ್ದವನಲ್ಲ, ಹೋಗಿ ಬಾ ಮಾರಾಯ," ಎಂದರು. ಮೂರು ವಾರ ತಪ್ಪಿಸಿಕೊಂಡೆ. ಒಮ್ಮೆ ಜ್ವರ ಎಂದೆ, ಒಮ್ಮೆ ಬಸ್ಸಿಲ್ಲ ಎಂದೆ. ಇಡೀ ಧಾರವಾಡ ಜಿಲ್ಲೆಯಲ್ಲಿ ಹೊಗಳಲಿಕ್ಕೆ ಇವರೊಬ್ಬರೇ ಸಿಕ್ಕರೇ ಎಂದು ಒಳಗೊಳಗೇ ಉರಿದೆ.

ಯಾಕೆಂದರೆ ಆ ತಂತಿಯ ಆಚೆ ತುದಿಯ ಮೆಕ್ಯಾನಿಕ್ ನಾನಾಗಿದ್ದೆ. ಹೂವಪ್ಪ ಹಾನಗಲ್ಲಿನ ಪೆಟ್ಟಿಗೆಯ ಹೊಣೆ ಹೊತ್ತ ಎಪ್ಪತ್ತನಾಲ್ಕರಿಂದ, ನಾನು ಆ ನೌಕರಿ ಬಿಟ್ಟ ಎಂಬತ್ತೊಂದರವರೆಗೆ. ಸವಣೂರಿನ ಆಚೆಯ ಆ ಸಣ್ಣ ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಊರಿನದಲ್ಲ, ನನ್ನದು.

ಹೌದು, ಒಂದು ತಪ್ಪಾಗಿದೆ. ಹೂವಪ್ಪನವರ ಸೇವಾ ಪುಸ್ತಕದಲ್ಲಿ ೧೯೭೯ರ ಅಕ್ಟೋಬರಿನ ತಾರೀಖಿನ ಎದುರು ಕೆಂಪು ಶಾಯಿಯ ಒಂದು ಸಾಲಿದೆ: 'ತಿಳಿಸದೆ ಸೆಟ್ಟಿಂಗ್ ಬದಲಿಸಿ ಟ್ರಂಕ್ ಸಂಪರ್ಕ ಕೆಡಿಸಿದ್ದಾರೆ.' ಆ ಸಾಲಿನಿಂದಾಗಿ ಮೇಲಿನ ದರ್ಜೆಯ ಪಟ್ಟಿಯಿಂದ ಅವರ ಹೆಸರು ಎರಡು ಸಲ ಬಿದ್ದುಹೋಗಿದೆ. ಬರುವ ತಿಂಗಳು ಮೂರನೆಯ ಪಟ್ಟಿ. ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯದು. ಹಾನಗಲ್ಲಿಗೆ ತಾನೇ ನಂಬರು ಕೂಡಿಸುವ ಹೊಸ ಯಂತ್ರ ಬರುವುದಿದೆ. ಅದರ ಹೊರಗಿನ ತಂತಿಗಳ ಸೆಟ್ಟಿಂಗನ್ನು ಕೂಡಿಸುವುದು ಮೇಲಿನ ದರ್ಜೆಯವರ ಕೆಲಸ. ದರ್ಜೆ ಸಿಗದಿದ್ದರೆ ಹೂವಪ್ಪ ಈ ಕೋಣೆಯಿಂದ ಹೊರಗೆ, ಮತ್ತೆ ಕಂಬದ ಬುಡಕ್ಕೆ.

ಕಂಬದ ಬುಡ ಅವರಿಗೆ ಹೊಸದಲ್ಲ. ಹಿರೇಕೆರೂರು ತಾಲೂಕಿನ ಅಬಲೂರಿನವರು. ಮಳೆ ನಂಬಿದ ಹೊಲಗಳ ಊರು. ಇವರ ಮನೆಗೆ ಆ ಹೊಲವೂ ಇರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಮುಗಿಯಿತು. ಅರವತ್ತೊಂದರಲ್ಲಿ ಹಿರೇಕೆರೂರಿನ ರಸ್ತೆಯ ಗುಂಟ ಟೆಲಿಫೋನ್ ಕಂಬ ನೆಡುವವರು ಬಂದಾಗ ಹಾರೆ ಹಿಡಿದು ಹೋದರು. ಹಾನಗಲ್ಲಿನಿಂದ ನನ್ನ ತುದಿಯವರೆಗೆ ಎಂಟುನೂರಾ ಹನ್ನೆರಡು ಕಂಬಗಳಿವೆ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಕಂಬದ ಕುಣಿ ತೋಡಿದವರು ಇವರೇ. ಅರವತ್ತೆಂಟರಲ್ಲಿ ಬಂಕಾಪುರದ ಹತ್ತಿರ ಕಂಬದಿಂದ ಬಿದ್ದರು. ಎಡಗೈ ಮಣಿಕಟ್ಟು ಇವತ್ತಿಗೂ ಸೊಟ್ಟ.

"ಬಿದ್ದದ್ದ ಚಲೋ ಆತ್ರಿ," ಎಂದು ನಗುತ್ತಾರೆ. "ಆರ ತಿಂಗಳ ಕಂಬ ಏರಬ್ಯಾಡ ಅಂದ್ರು. ಒಳಗ ಕುಂದರಿಸಿದ್ರು. ಆ ಪೆಟಗಿ ಬಿಚ್ಚಿ ಕುಂತಾವ್ರ ಮಾರಿ ನೋಡಕೋತ ಕುಂತೆ. ಇದು ನನಗೂ ಬಂದೀತು ಅನಿಸ್ತು."

ಪೆಟ್ಟಿಗೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮಂಜವ್ವ ಮ್ಯಾಟ್ರಿಕ್ ಪಾಸಾದವರು. ಮಧ್ಯಾಹ್ನ ಟ್ರಂಕ್ ಕರೆಗಳು ಕಡಿಮೆಯಾದ ಹೊತ್ತಿನಲ್ಲಿ ಅವರು ಸಾಲು ಸಾಲು ಓದಿ ಅರ್ಥ ಹೇಳುತ್ತಿದ್ದರು, ಇವರು ಪೆಟ್ಟಿಗೆಯ ಮುಂದೆ ನಿಂತು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದರು. ಎರಡು ವರ್ಷಕ್ಕೆ ಪುಸ್ತಕ ಮುಗಿಯಿತು, ಎಪ್ಪತ್ತನಾಲ್ಕಕ್ಕೆ ಮೆಕ್ಯಾನಿಕ್ ಪರೀಕ್ಷೆಯೂ ಮುಗಿಯಿತು. "ಅರ್ಥ ಆಗದ್ದನ್ನ ಆತು ಅಂತ ಒಂದ ಸಲಾನೂ ಅಂದಿಲ್ಲ ಈ ಅಣ್ಣ," ಎನ್ನುತ್ತಾರೆ ಮಂಜವ್ವ. "ನನಗs ಬ್ಯಾಸರ ಬರತಿತ್ತು."

ನಾನು ಪಿಯುಸಿ ಸೈನ್ಸು. ತಿಂಗಳುಗಟ್ಟಲೆ ತರಬೇತಿ ಪಡೆದು, ಕಿಸೆಯಲ್ಲಿ ಎರಡು ಪೆನ್ನು ಸಿಗಿಸಿಕೊಂಡು ಬಂದವನು. ಕುಣಿ ತೋಡುತ್ತ ಬಂದವನೊಬ್ಬ ತಂತಿಯ ಆ ತುದಿಯಲ್ಲಿ ನನಗೆ ಸರಿಸಮನಾಗಿ ಕೂತಿದ್ದಾನಲ್ಲ ಎಂಬುದೇ ಮೊದಲ ಕಿರಿಕಿರಿ. ಇನ್ನೊಂದೂ ಇತ್ತು. ಹೂವಪ್ಪನವರ ಪಡಸಾಲೆಯಲ್ಲಿ ಬುದ್ಧನ ಪಟವೂ ಅಂಬೇಡ್ಕರರ ಪಟವೂ ಅಕ್ಕಪಕ್ಕ ಇವೆ. ಅವರು ಯಾವ ಕೇರಿಯವರೆಂಬುದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಅವರು ನನ್ನನ್ನು "ರೀ" ಎನ್ನುತ್ತಿದ್ದರು, ನಾನು ಅವರನ್ನು "ಲೇ" ಎನ್ನುತ್ತಿದ್ದೆ, ನನಗಿಂತ ಹತ್ತು ವರ್ಷ ದೊಡ್ಡವರನ್ನು. ನನ್ನ ಹೊಟ್ಟೆಕಿಚ್ಚಿನಲ್ಲಿ ಅದೂ ಬೆರೆತಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸಾಲದ್ದಕ್ಕೆ ಆ ಮನುಷ್ಯ ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದ! ದಿನಕ್ಕೆ ನಾಲ್ಕು ಸಲ ಸಾಲು ನೋಡಬೇಕು. ಐದೂವರೆ, ಹತ್ತು, ಎರಡು, ಏಳು. ವರ್ಷಕ್ಕೆ ಸಾವಿರದ ನಾನೂರಾ ಅರವತ್ತು ಸಲ. ನನಗೆ ಬೆಳಗಿನದು ಎಂದರೆ ಪ್ರಾಣಸಂಕಟ. ಹೂವಪ್ಪ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಹಾನಗಲ್ಲಿನ ಭತ್ತದ ಗದ್ದೆಗಳ ಮೇಲೆ ಮಂಜು ಬೇಗ ಇಳಿದು ತಡವಾಗಿ ಏಳುತ್ತದೆ, ಪುಸ್ತಕದ ಹೊತ್ತು ಈ ಸಾಲಿಗೆ ಹೊಂದುವುದಿಲ್ಲ ಎಂದು ಕಂಡುಹಿಡಿದವರೂ ಅವರೇ. ಕಂಬ ಮುಟ್ಟಿ ಅಂಕಿ ಹೇಳುತ್ತಿದ್ದರು. ನಾನು ನಕ್ಕೆ. ಮೀಟರು ನೋಡಿದರೆ ಅಂಕಿ ಸರಿ ಇರುತ್ತಿತ್ತು. ಥೂ, ಒಂದು ದಿನವಾದರೂ ತಪ್ಪಬಾರದಿತ್ತೇ!

ಊರವರ ಬಾಯಿಯೂ ಸುಮ್ಮನಿರಲಿಲ್ಲ. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಅಕ್ಬರಸಾಬರ ಫೋನು ನನ್ನ ಎಕ್ಸ್‌ಚೇಂಜಿಗೆ ಸೇರಿತ್ತು. ಪ್ರತಿ ಸಲ ಬಂದಾಗ ಕುರುಕಲು ಖಾರದ ಪೊಟ್ಟಣ ನನ್ನ ಮುಂದಿಟ್ಟು, "ಹಾನಗಲ್ಲಿನ ಮಂದಿ ದನಿ ಬಾಜೂಕ ಕುಂತು ಮಾತಾಡಿದಂಗ ಬರತೈತಿ. ಯಾರೋ ಹೂವಪ್ಪ ಅಂತ ಅದಾನಂತಲ್ಲ, ಭಾರಿ ಹುಷಾರ ಬಿಡ್ರಿ," ಎನ್ನುತ್ತಿದ್ದರು. ಖಾರ ತಿನ್ನುತ್ತಿದ್ದವನು ನಾನು, ಹೊಗಳಿಕೆ ಅವರಿಗೆ. ಮಂಜವ್ವನವರಂತೂ ತಂತಿಯ ಮೇಲೆಯೇ ನನ್ನ ಹೆಸರು ಹಿಡಿದು, "ಮೈಲಾರಲಿಂಗಪ್ಪಾರ, ನಿಮ್ಮ ಕಡಿಂದ ದನಿ ಸೆರಗಿನ್ಯಾಗ ಮುಚ್ಚಿಟ್ಟಂಗ ಬರತೈತ್ರಿ. ಒಮ್ಮೆ ಹೂವಪ್ಪಣ್ಣನ್ನ ಕೇಳ್ರೆಲಾ," ಎಂದುಬಿಡುತ್ತಿದ್ದರು. ಎಪ್ಪತ್ತೊಂಬತ್ತರ ಆಗಸ್ಟಿನಲ್ಲಿ ತಪಾಸಣೆಗೆ ಬಂದ ಮೇಲಿನ ಸಾಹೇಬರು ನನ್ನ ಪೆಟ್ಟಿಗೆಯ ಮುಂದೆಯೇ ನಿಂತು, ಆಳುಗಳ ಎದುರಿಗೆ, "ಹಾನಗಲ್ಲಿನವರನ್ನು ನೋಡಿ ಕಲಿಯಿರಿ," ಎಂದರು. ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬುದ್ಧಿ ಕೆಟ್ಟಿತು. ಹೂವಪ್ಪ ಎಂದಿನಂತೆ "ಐದು" ಎಂದರು. ನಾನೂ "ಐದು" ಎಂದೆ, ಗುಂಡಿಯನ್ನು ಮಾತ್ರ ಆರಕ್ಕೆ ತಿರುಗಿಸಿದೆ. ನನ್ನ ದನಿಯೂ ಹಾನಗಲ್ಲಿನಲ್ಲಿ ಖಣಖಣ ಕೇಳಲಿ, ಮಂಜವ್ವನ ಬಾಯಿ ಮುಚ್ಚಲಿ, ಇಷ್ಟೇ ನನ್ನ ಲೆಕ್ಕ. ಎಂಟು ಗಂಟೆಗೆ ಮಂಜವ್ವ, "ಇವತ್ತ ಭಾಳ ಛಂದ ಬರಾಕತ್ತೈತ್ರಿ," ಎಂದಾಗ ನನಗೆ ಹೊಸ ಅಳಿಯನಷ್ಟು ಬಿಂಕ ಬಂತು. ಆಗಲೇ ಇಳಿಸಬೇಕಿತ್ತು. ಇನ್ನಷ್ಟು ಹೊತ್ತು ಇರಲಿ ಎಂದುಕೊಂಡೆ.

ಹತ್ತು ಗಂಟೆಗೆ ಬಿಸಿಲೇರಿತು. ಹೂವಪ್ಪ ತಮ್ಮದನ್ನು ನಾಲ್ಕಕ್ಕೆ ಇಳಿಸಿದರು. ನನ್ನದು ಆರರಲ್ಲೇ ಇತ್ತು. ತಂತಿ ಕೂಗತೊಡಗಿತು. ಮೂರೂ ಮಾತುಕತೆಗಳ ಮೇಲೆ ಒಂದೇ ಸಮನೆ ಕೀರಲು ಕೂಗು. ಎರಡೂ ಕಡೆ ಆಪರೇಟರುಗಳು ಹೆಡ್‌ಫೋನ್ ಕಿತ್ತೆಸೆದರು. ಕೆಲಸದವರ ಮಾತಿಗೆಂದೇ ಇರುವ ಬೇರೆ ತಂತಿಯಲ್ಲಿ ಹೂವಪ್ಪ ಕೇಳಿದರು.

"ಮೈಲಾರಲಿಂಗಪ್ಪಾರ, ನಿಮ್ಮ ಕಡೆ ಎಷ್ಟೈತ್ರಿ?"

"ನಾಕು," ಎಂದೆ.

"ಒಮ್ಮೆ ಮುಟ್ಟಿ ನೋಡ್ರೆಲಾ. ಕೂಗು ನಿಮ್ಮ ಕಡಿಂದ ಬಂದಂಗ ಕೇಳಸಾಕತ್ತೈತಿ."

"ನನಗ ಅಂಕಿ ಓದಾಕ ಬರೂದಿಲ್ಲಂತ ತಿಳಿದೀಯೇನಲೇ? ನಾಕ ಐತಿ. ನಿಂದ ನೋಡ್ಕೊ."

"ಹಂಗಾರ ನಂದs ತಪ್ಪಿರಬೇಕ್ರಿ," ಎಂದರು.

ಆಗ ಗುಂಡಿ ತಿರುಗಿಸಿ ನಾಲ್ಕಕ್ಕೆ ತಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಮುಟ್ಟಿದ ಗಳಿಗೆಯಲ್ಲೇ ಕೂಗು ನಿಂತರೆ ಆ ಮನುಷ್ಯನಿಗೆ ತಿಳಿಯದೇ ಇರುತ್ತದೆಯೇ? ಸುಮ್ಮನೆ ಕೂತೆ. ಹೂವಪ್ಪ ಕೂಗು ನಿಲ್ಲಿಸಲು ತಮ್ಮ ಗುಂಡಿಯನ್ನು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸಿದರು. ಕೂಗು ನಿಂತಿತು. ಅದರ ಜೊತೆಗೇ ಹಾನಗಲ್ಲಿನ ದನಿಯೂ ಹೋಯಿತು. ನನ್ನ ಕಡೆಯವರ ಮಾತು ಅಲ್ಲಿಗೆ ತಲುಪುತ್ತಿತ್ತು, ಅಲ್ಲಿಯವರ ಮಾತು ಇಲ್ಲಿಗೆ ಬಾವಿಯ ತಳದಿಂದ ಪಿಸುಗುಟ್ಟಿದಂತೆ. "ನಂದು ಎರಡು ಮಾಡೇನಿ, ಬರಕೋತೀರೇನು?" ಎಂದು ಅವರು ಕೇಳಿದರು. ನಾನು ಒಪ್ಪಲಿಲ್ಲ. "ನಾಕು ಇರಬೇಕಾದಲ್ಲಿ ಎರಡು ನಾ ಹೆಂಗ ಬರಕೊಳ್ಳಿ?" ಎಂದೆ. ಕಟ್ಟಳೆಯ ಪ್ರಕಾರ ಅವರು ರಿಜಿಸ್ಟರಿನ ಅಂಕಣವನ್ನು ಖಾಲಿ ಬಿಟ್ಟರು.

ಹೀಗೇ ಎರಡು ದಿನ. ಎರಡನೆಯ ದಿನ ಅಕ್ಬರಸಾಬರ ಹಾನಗಲ್ಲಿನ ಏಜೆಂಟು, ಶಿರಸಿಗೆ ಹೋಗುವ ಲಾರಿ ಕೆಟ್ಟು ನಿಂತಿದೆ, ಇವತ್ತು ಎಲೆ ಕಳಿಸಬೇಡಿ ಎಂದು ಹೇಳಲು ಅರ್ಧ ತಾಸು ಬಡಿದಾಡಿದ. ಈ ಕಡೆ ಅಕ್ಬರಸಾಬರಿಗೆ ಒಂದು ಶಬ್ದವೂ ಕೇಳಲಿಲ್ಲ. ಎಂದಿನಂತೆ ಕಳಿಸಿದರು. ಅರವತ್ತು ಬುಟ್ಟಿ ವೀಳ್ಯದೆಲೆ ಹಾನಗಲ್ಲಿನಲ್ಲಿ ಬಿದ್ದು ಕರ್ರಗಾಯಿತು. ಅವರು ಮೇಲಿನ ಕಚೇರಿಗೆ ಅರ್ಜಿ ಬರೆದರು, ಬರೆಯದೇ ಏನು ಮಾಡಿಯಾರು? ಮೂರನೆಯ ದಿನ ಸಾಹೇಬರ ಜೀಪು ಹಾನಗಲ್ಲಿಗೆ ಹೊರಟಿದೆ ಎಂದು ಗೊತ್ತಾದ ಕೂಡಲೇ ನಾನು ಗುಂಡಿಯನ್ನು ಸದ್ದಿಲ್ಲದೆ ನಾಲ್ಕಕ್ಕೆ ತಂದಿಟ್ಟೆ.

ಸಾಹೇಬರು ಬಂದು ನೋಡಿದರೆ ಹೂವಪ್ಪನ ಗುಂಡಿ ಎರಡರಲ್ಲಿ. ರಿಜಿಸ್ಟರು ಖಾಲಿ. ಸಾಹೇಬರೇ ಕೈಯಾರೆ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದರು. ಸಾಲು ಗಂಟೆ ಹೊಡೆದಂತೆ ಸ್ವಚ್ಛವಾಯಿತು. ಇದಕ್ಕಿಂತ ಸಾಕ್ಷಿ ಯಾರಿಗೆ ಬೇಕು? ನನ್ನನ್ನು ತಂತಿಯ ಮೇಲೆ ಕರೆದು ಕೇಳಿದರು, "ನಿಮ್ಮದು ಎಷ್ಟಿತ್ತು?" "ನಾಲ್ಕು, ಸರ್. ಮೊದಲಿನಿಂದಲೂ ನಾಲ್ಕು." ನನ್ನ ಮಾತನ್ನು ಯಾರೂ ಎರಡನೆಯ ಸಲ ಪರೀಕ್ಷಿಸಲಿಲ್ಲ. ಪಿಯುಸಿ ಓದಿದವನ ಮಾತು, ದೊಡ್ಡ ಮನೆತನದವನ ಮಾತು. ಆ ಸಂಜೆ ಕೆಂಪು ಶಾಯಿಯ ಸಾಲು ಬಿತ್ತು. ನಾನು ಅವತ್ತು ಚೆನ್ನಾಗಿ ಉಂಡೆ. ಅದನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಎರಡು ವರ್ಷಕ್ಕೆ ನಾನು ನೌಕರಿ ಬಿಟ್ಟೆ. ಪತ್ರಿಕೆಯ ಕೆಲಸದ ಮೇಲಿನ ಆಸೆಯಿಂದ ಎಂದು ಎಲ್ಲರಿಗೂ ಹೇಳಿದ್ದೇನೆ. ದಿನಕ್ಕೆ ನಾಲ್ಕು ಸಲ ಆ ದನಿ, "ನಿಮ್ಮದೆಷ್ಟೈತ್ರಿ?" ಎಂದು ಮೊದಲಿನಷ್ಟೇ ನಂಬಿಕೆಯಿಂದ ಕೇಳುವುದನ್ನು ತಡೆಯಲಾಗಲಿಲ್ಲ ಎಂಬುದು ನಿಜ.

ಬೆಳಗಿನ ಕೆಲಸ ಮುಗಿಸಿ ಹೂವಪ್ಪ ನನ್ನನ್ನು ಮನೆಗೆ ಕರೆದೊಯ್ಯುತ್ತಾರೆ. ಎಂಟೂವರೆಯ ಬಿಸಿಲು. ಅವರ ಹೆಂಡತಿ ಉಡಚವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಹಾಕಿದ ತಾಟನ್ನು ಮುಂದಿಡುತ್ತಾರೆ. "ಉಣ್ರಿ, ಸಂಕೋಚ ಮಾಡಬ್ಯಾಡ್ರಿ. ಆ ಕಡೆ ತಂತ್ಯಾಗ ನೀವs ಇದ್ರೆಂತಲ್ಲ, ಹೆಸರ ಕೇಳೇನಿ." ರೊಟ್ಟಿ ಬಡಿಯುತ್ತಲೇ ಮಾತು ಮುಂದುವರಿಯುತ್ತದೆ. "ಎರಡ ಸಲ ಹೆಸರ ಬಿದ್ದ ಹೋತ್ರಿ. ಇವ್ರ ಕೈ ಕೆಳಗ ಕಲತಾವ್ರು ಇವ್ರನ್ನ ದಾಟಿ ಹೋದ್ರು. ನನಗ ಭಾಳ ಹೊಟ್ಟಿ ಉರೀತಿತ್ತು. ಇವ್ರಿಗೆ ಉರಿಯೂದs ಇಲ್ಲ ನೋಡ್ರಿ! ನಂದs ತಪ್ಪಿರಬೇಕು ಬಿಡು ಅಂತಾರ. ನೀವರ ಅವತ್ತ ಸಾಹೇಬ್ರಿಗೆ ಒಂದ ಮಾತ ಹೇಳಬಾರದಿತ್ತೇನ್ರಿ?"

ಮುರಿದ ರೊಟ್ಟಿಯನ್ನು ತಾಟಿಗೇ ಮರಳಿ ಇಡುತ್ತೇನೆ. ನಾನು ಇಲ್ಲಿಗೆ ಬಂದದ್ದು ಹೂವಪ್ಪನವರ ಹುಟ್ಟೂರು, ಕಷ್ಟ, ಕಂಬಗಳ ಸಂಖ್ಯೆ ಬರೆದುಕೊಂಡು, ಕೊನೆಗೊಂದು ಒಳ್ಳೆಯ ಮಾತು ಸೇರಿಸಿ, ಮುಂದಿನ ಬಸ್ಸಿಗೆ ಹೋಗಿಬಿಡೋಣ ಎಂದು. ಬರೆದರೆ ಅವರ ಋಣ ತೀರೀತು ಎಂಬ ಹುಂಬ ಲೆಕ್ಕ ನನ್ನದು. ಆ ಮನೆಯಲ್ಲಿ ಕೂತ ಮೇಲೆ ಅದು ನಡೆಯಲಿಲ್ಲ.

"ಹೂವಪ್ಪನವರ," ಎಂದೆ, "ಅವತ್ತ ನಂದು ನಾಕು ಇರಲಿಲ್ಲ. ಆರಿತ್ತು. ಬೇಕಂತ ಇಟ್ಟಿದ್ದೆ. ಸಾಹೇಬ್ರು ಬರೂಕಿಂತ ಮೊದಲ ಇಳಿಸಿದೆ."

ಅವರು ರೊಟ್ಟಿ ಮುರಿಯುವ ಕೈಯನ್ನು ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ. ಗೋಡೆ ನೋಡಿದರು.

"ಎಷ್ಟಿತ್ತಂದ್ರಿ?"

"ಆರು."

"ಆರು," ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಸೊಟ್ಟ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. "ನಿಮ್ಮದು ಆರು. ನಂದು ನಾಕು. ಹತ್ತರ ಬಿಸಲು, ತಂತಿ ಒಣಗಿತ್ತು... ಕೂಗಬೇಕು. ಕೂಗsಬೇಕು ಅದು!" ಮುಖ ಒಮ್ಮೆಲೇ ಅರಳಿತು. ಎದ್ದೇ ನಿಂತು ಹೆಂಡತಿಯನ್ನು ಕೂಗಿದರು. "ಏ ಇಕಿನ, ಕೇಳಿದೇನ? ಆ ಕಡೆ ಆರಿತ್ತಂತ! ಕೂಗು ಆ ಕಡಿಂದ ಬರಾಕತ್ತಿತ್ತು ಅಂತ ನನಗ ಅವತ್ತs ಕೇಳಿಸಿತ್ತು!"

ಆಮೇಲೆ ನನ್ನ ಕಡೆ ತಿರುಗಿದರು. ದನಿ ಇಳಿದಿತ್ತು. "ಏಳ ವರ್ಷ ಆತ್ರಿ. ನನ್ನ ಕಿವಿ ಸುಳ್ಳ ಹೇಳತೈತಿ ಅಂತ ತಿಳಿದಿದ್ದೆ. ಮಂದೀಗೆ ಗೊತ್ತಾಗಬಾರದಂತ ಒಂದೊಂದ ಸಾಲ ಎರಡೆರಡ ಸಲ ನೋಡತಿದ್ದೆ. ಧಾರವಾಡದ ದವಾಖಾನಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದೇನಿ. ಡಾಕ್ಟರು ಚಲೋ ಐತಿ ಅಂದ್ರೂ ನಾ ನಂಬಲಿಲ್ಲ."

ಇದನ್ನು ಹೇಳಲೇಬೇಕು. ಆ ಗಳಿಗೆಯಲ್ಲಿಯೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮಾನ ಆ ಪಡಸಾಲೆಯ ನೆಲದ ಮೇಲೆ ಬಿದ್ದಿತ್ತು, ಈ ಮನುಷ್ಯ ಅದೇ ಮಾತಿನಿಂದ ಖುಷಿಯಾಗಿ ನಿಂತಿದ್ದರು. ದರ್ಜೆ ತಪ್ಪಿಸಿದವನು ಎದುರಿಗೆ ಕೂತಿದ್ದರೂ ಅವರಿಗೆ ಮೊದಲು ನೆನಪಾದದ್ದು ಕೆಲಸ. ಅಷ್ಟು ಪ್ರೀತಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ, ಈ ಬರೆಯುವ ಕೆಲಸವನ್ನೂ.

ಉಡಚವ್ವ ಒಲೆಯ ಮುಂದಿನಿಂದ ಎದ್ದು ಬಂದರು. ನನ್ನ ಮುಂದಿನ ತಾಟನ್ನು ಎತ್ತಿಕೊಂಡು ಒಳಗೆ ಹೋದರು. ಅರ್ಧ ರೊಟ್ಟಿ ಅದರಲ್ಲಿ ಉಳಿದಿತ್ತು. ಹೂವಪ್ಪ ಬೇಡ ಎನ್ನಲಿಲ್ಲ.

"ಎಲ್ಲಾನೂ ಬರೀತೇನಿ," ಎಂದೆ. "ಹೆಸರು ಹಾಕಿ ಬರೀತೇನಿ. ಸಹಿ ಮಾಡಿ ಮೇಲಿನ ಕಚೇರಿಗೂ ಕಳಿಸ್ತೇನಿ. ಪಟ್ಟಿ ಆಗೂದರೊಳಗ."

"ಕಳಸ್ರಿ. ಕಳಸಬೇಕಾದ್ದs ಅದು," ಎಂದರು. "ಆದ್ರ ನಿಮ್ಮನ್ನ ಮಾಫ ಮಾಡೂ ಮಾತು ಇವತ್ತ ಕೇಳಬ್ಯಾಡ್ರಿ. ನನಗ ಇನ್ನೂ ಸಿಟ್ಟ ಬರೂದೈತಿ. ಸಂಜಿಮುಂದ ಬಂದೀತು."

ಕೇಳಲಿಲ್ಲ. ಕಾಗದವನ್ನು ಸಹಿ ಮಾಡಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಸಾಹೇಬರು ಬದಲಾಗಿದ್ದಾರೆ, ಹೊಸಬರು ಏಳು ವರ್ಷದ ಹಿಂದಿನ ಸಾಲನ್ನು ಹೊಡೆದುಹಾಕುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಪಟ್ಟಿಗೆ ಇನ್ನು ಹದಿನೆಂಟು ದಿನಗಳಿವೆ.

ಆ ದಿನ ಅವರ ಮನೆಯಲ್ಲಿ ಮಾತು ಮುಗಿದಾಗ ಹತ್ತು ಗಂಟೆಯ ಸಾಲು ನೋಡುವ ಹೊತ್ತಾಗಿತ್ತು. ಹೂವಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದರು, ನಾನು ಹಿಂದೆ ಹಿಂದೆ. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, ಈ ಲೇಖನದಲ್ಲಿ ನಿಮ್ಮ ಬಗ್ಗೆ ಕೊನೆಗೆ ಏನು ಬರೆಯಲಿ ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಅವರು ಬಹಳ ಯೋಚಿಸಲಿಲ್ಲ.

"ಹೂವಪ್ಪ ಶಾಣ್ಯಾ ಅದಾನ, ಹಂಗದಾನ ಹಿಂಗದಾನ ಅಂತ ಏನೂ ಬರೀಬ್ಯಾಡ್ರಿ," ಎಂದರು. "ಹೂವಪ್ಪನ ಕಿವಿ ಅವತ್ತೂ ಸರಿ ಇತ್ತು ಅಂತ ಬರೀರಿ. ನಮ್ಮ ಉಡಚವ್ವಗ ಓದಿ ತೋರಸ್ತೇನಿ."